ಹೆಣ್ಣು ನೋಡಲು ಬಂದವರಿಗೆ ಫ್ರೆಂಚ್ ಫ್ರೈಸ್

ಮಗಳನ್ನು ನೋಡಲು ಬಂದ ಹುಡುಗನ ತಾಯಿ, ಬಂದು ಅರ್ಧ ಗಂಟೆ ಆಗುವುದರೊಳಗೆ ನಮ್ಮ ಅಡುಗೆಮನೆಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಒಂದು ಮಿಷನ್ನಿನ ಬುಡ ಅಮುಕಿ ಹಿಡಿದು ನಿಂತಿದ್ದರು. ಮಿಷನ್ನಿನ ಹಿಡಿ ನನ್ನ ಕೈಯಲ್ಲಿತ್ತು. ನಡುವೆ ಒಂದು ಆಲೂಗಡ್ಡೆ ಅರ್ಧ ಕತ್ತರಿಸಿ ಸಿಕ್ಕಿಕೊಂಡಿತ್ತು.

ನಿಮ್ಮ ಮನೆಯಲ್ಲಿ ಹೀಗೆ ಆಗಿದೆಯೇ? ಆಗಿರಲಿಕ್ಕಿಲ್ಲ. ನೀವು ಬುದ್ಧಿವಂತರು. ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ ಕೊಟ್ಟು ಮರ್ಯಾದೆಯಾಗಿ ಕಳಿಸುತ್ತೀರಿ.

ನಾನು ಫ್ರೆಂಚ್ ಫ್ರೈಸ್ ಮಾಡಲು ಹೊರಟಿದ್ದೆ.

ಮಿಷನ್ ವಿಷಯ ಮೊದಲು ಹೇಳಿಬಿಡುತ್ತೇನೆ. ಕರೆಂಟಿನದಲ್ಲ, ಕೈಯಲ್ಲಿ ಒತ್ತುವುದು. ಒಂದು ಕಬ್ಬಿಣದ ಚೌಕಟ್ಟು, ಒಂದು ಕಡೆ ಚೌಕ ಚೌಕವಾಗಿ ಬ್ಲೇಡಿನ ಜಾಲರಿ, ಮೇಲೆ ಉದ್ದನೆಯ ಹಿಡಿ. ಸಿಪ್ಪೆ ತೆಗೆದ ಆಲೂಗಡ್ಡೆಯನ್ನು ಒಳಗೆ ಮಲಗಿಸಿ ಹಿಡಿ ಒತ್ತಿದರೆ ಸಾಕು, ಎಲ್ಲಾ ಒಂದೇ ಅಳತೆಯ ಉದ್ದುದ್ದ ತುಂಡುಗಳಾಗಿ ಆಚೆ ಬೀಳುತ್ತದೆ. ಎರಡು ತಿಂಗಳ ಹಿಂದೆ ಮೊಬೈಲಿನಲ್ಲಿ ವಿಡಿಯೋ ನೋಡಿ ತರಿಸಿದೆ. ವಿಡಿಯೋದಲ್ಲಿ ಯಾರೋ ಹೆಣ್ಣುಮಗಳು ಒಂದೇ ಕೈಯಲ್ಲಿ, ನಗುನಗುತ್ತಾ ಒತ್ತುತ್ತಿದ್ದಳು. (ಆಕೆಯ ಆಲೂಗಡ್ಡೆ ಬೇಯಿಸಿದ್ದು ಎಂದು ನನಗೆ ಈಗಲೂ ಅನುಮಾನ.)

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಸನ್ನೆಕೋಲಿನ ಪಾಠ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಪಾಠ ನಮ್ಮ ಚನ್ನಪಟ್ಟಣದ ಮನೆಯ ಅಡುಗೆಮನೆಗೆ ಪಾರ್ಸೆಲ್ಲಿನಲ್ಲಿ ಬಂದರೆ ಬಿಡುತ್ತೇನೆಯೇ? ಮೊದಲ ವಾರ ದಿನವೂ ಒತ್ತಿದೆ. ಮೂಲಂಗಿ ಒತ್ತಿದೆ. ಕ್ಯಾರೆಟ್ ಒತ್ತಿದೆ. ಗೆಣಸು ಒತ್ತಿದೆ. ಸೀಮೆಬದನೆಕಾಯಿ ಪಲ್ಯ ನೋಡಿ ಮಗಳು, "ಅಪ್ಪ, ಇದಕ್ಕೂ ಯೂನಿಫಾರಂ ಹಾಕ್ಸಿದ್ಯಾ?" ಅಂದಳು. ಹೈವೇ ಪಕ್ಕ ಉಪ್ಪು ಖಾರ ಸವರಿ ಮಾರುತ್ತಾರಲ್ಲ, ಗಿಣಿಮೂತಿ ಮಾವಿನಕಾಯಿ, ಅದನ್ನೂ ಇಟ್ಟು ಒತ್ತಿದೆ. ಮಾವಿನಕಾಯಿಯೊಳಗೆ ಓಟೆ ಇರುತ್ತದೆ ಎನ್ನುವುದನ್ನು ಮಾವಿನ ಸೀಮೆಯಲ್ಲಿ ಹುಟ್ಟಿ ಬೆಳೆದವನು ಮರೆಯಬಾರದಿತ್ತು. ಮರೆತೆ. ಒಂದು ಬ್ಲೇಡು ಇವತ್ತಿಗೂ ಸ್ವಲ್ಪ ಡೊಂಕಾಗಿದೆ.

ಇದರಲ್ಲಿ ಒಂದೇ ತೊಂದರೆ. ಮಿಷನ್ನಿನ ಕಾಲಿಗೆ ನಾಲ್ಕು ರಬ್ಬರ್ ಬಟ್ಟಲುಗಳಿವೆ. ನುಣ್ಣನೆಯ ಕಲ್ಲಾದರೆ ಕಚ್ಚಿ ಹಿಡಿಯುತ್ತವಂತೆ. ನಮ್ಮ ಅಡುಗೆ ಕಟ್ಟೆ ಹಳೆಯ ಕಡಪ ಕಲ್ಲಿನದು, ತರಿತರಿ. ಹಿಡಿ ಒತ್ತಿದರೆ ಆಲೂಗಡ್ಡೆಯ ಬದಲು ಮಿಷನ್ನೇ ಮುಂದಕ್ಕೆ ಹೊರಡುತ್ತದೆ. (ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ಗೊಣಗಿದ್ದು ಕೇಳಿಸಿತು. ಬಂದು ನೋಡಿ ಆಮೇಲೆ ಮಾತಾಡಿ.)

ಪಕ್ಕದ ಮನೆಯ ಸಾದಿಕ್ ಬಂದು ನೋಡಿದ. ಗೊಂಬೆ ಕಡೆಯುವ ಕೆಲಸದವನು, ಮರದ ವಿಷಯದಲ್ಲಿ ಅವನ ಮಾತು ಸುಳ್ಳಾಗುವುದಿಲ್ಲ. "ಸಾರ್, ಒಂದು ದಪ್ಪ ಹಲಗೆ ಕೊಡ್ತೀನಿ. ಅದರ ಮೇಲೆ ಕೂರ್ಸಿ, ನಾಲ್ಕು ಸ್ಕ್ರೂ ಹೊಡೆದು, ಹಲಗೆನ ಕಟ್ಟೆಗೆ ಕ್ಲಾಂಪ್ ಮಾಡಿದ್ರೆ ಅಲ್ಲಾಡಲ್ಲ," ಅಂದ.

"ಅಷ್ಟೆಲ್ಲಾ ಯಾಕಪ್ಪ? ಹಿಡ್ಕೊಳ್ಳೋಕೆ ಗಿರಿಜ ಇದ್ದಾಳಲ್ಲ," ಅಂದೆ.

ಗಿರಿಜ ನನ್ನ ಹೆಂಡತಿ. ಹೊಂಗನೂರಿನ ರೇಷ್ಮೆ ಬೆಳೆಯುವ ಮನೆಯ ಮಗಳು. ನಾನು ಒತ್ತುವಾಗ ಎರಡೂ ಕೈಯಲ್ಲಿ ಬುಡ ಹಿಡಿಯುವುದು ಅವಳ ಕೆಲಸ. ಹಾಗೆಂದು ಯಾರೂ ತೀರ್ಮಾನ ಮಾಡಿದ್ದಲ್ಲ. ಮೊದಲ ದಿನ ಹಿಡಿದಳು, ಎರಡನೆಯ ದಿನವೂ ಹಿಡಿದಳು, ಆಮೇಲೆ ಅದು ಅವಳದೇ ಆಯಿತು.

ಇನ್ನು ಹುಡುಗನ ವಿಷಯ. ನಮ್ಮ ಸಿಂಧು ರಾಮನಗರದಲ್ಲಿ ಫಿಸಿಯೋಥೆರಪಿಸ್ಟ್. ಊರವರ ಸೊಂಟ, ಮಂಡಿ, ಭುಜ ನೋಡಿ ಸಂಜೆ ಬಸ್ಸಿಗೆ ಮನೆಗೆ ಬರುತ್ತಾಳೆ. ಮದುವೆ ಮಾತೆತ್ತಿದರೆ ಎದ್ದು ಹೋಗುತ್ತಿದ್ದವಳು ಈ ಸಲ ಫೋಟೋ ನೋಡಿ "ಪರವಾಗಿಲ್ಲ" ಅಂದಳು. ಅವಳ ಬಾಯಲ್ಲಿ ಪರವಾಗಿಲ್ಲ ಅಂದರೆ ನೂರಕ್ಕೆ ಎಂಬತ್ತು. ಹುಡುಗ ಚೇತನ್, ಮಾಗಡಿ ಕಡೆಯವನು, ಕನಕಪುರದಲ್ಲಿ ಸರ್ವೇಯರ್. ಫೋನಿನಲ್ಲಿ ಮಾತಾಡಿದಾಗ ನಯವಾಗಿ, ನೇರವಾಗಿ ಮಾತಾಡಿದ. ಈ ಸಂಬಂಧ ಕೂಡಿ ಬರಲಿ ಎಂದು ನನಗೆ ತುಂಬಾ ಆಸೆಯಿತ್ತು. ಮುಚ್ಚಿಡುವುದೇನು? ಇಂಥ ಹುಡುಗ ಕೈತಪ್ಪಿದರೆ ಎನ್ನುವ ಹೆದರಿಕೆಯೂ ಇತ್ತು.

ಹಾಗಾಗಿಯೇ ಏನಾದರೂ ಹೊಸದು ಮಾಡೋಣ ಅನ್ನಿಸಿತು. ನಮ್ಮದು ಬೇರೆ ಥರದ ಮನೆ, ಇಲ್ಲಿ ಗಂಡಸರೂ ಅಡುಗೆಮನೆಗೆ ಕಾಲಿಡುತ್ತಾರೆ ಎಂದು ಅವರಿಗೆ ಗೊತ್ತಾಗಲಿ.

"ಬಂದೋರ್ ಮುಂದೆ ಈ ಸರ್ಕಸ್ ಯಾಕೆ?" ಎಂದಳು ಗಿರಿಜ. "ಉಪ್ಪಿಟ್ಟು ಕೇಸರಿಬಾತು ಮಾಡಿವ್ನಿ. ಸಾಕು ಕಣ್ರಿ."

"ಅದು ಎಲ್ಲರ ಮನೇಲೂ ಇರುತ್ತೆ. ನೀನು ಸುಮ್ನಿರು. ಬಿಸಿಬಿಸಿ ಫ್ರೈಸ್, ನನ್ನ ಕೈಯಾರೆ."

ಭಾನುವಾರ ಬೆಳಿಗ್ಗೆ ದೊಡ್ಡಮಳೂರಿನಲ್ಲಿ ದೇವರ ದರ್ಶನ ಮುಗಿಸಿಕೊಂಡು ಮೂವರೂ ಬಂದರು. ಹುಡುಗ, ತಂದೆ ನಂಜೇಗೌಡರು, ತಾಯಿ ಜಯಮ್ಮ. ನಂಜೇಗೌಡರದು ದೊಡ್ಡ ಗಂಟಲು, ದೊಡ್ಡ ನಗು. ಜಯಮ್ಮ ಮಾತಾಡಲಿಲ್ಲ. ಸೋಫಾದ ತುದಿಯಲ್ಲಿ, ಎದ್ದು ಹೋಗಲು ತಯಾರಾದವರ ಹಾಗೆ ಕೂತರು.

ಸಿಂಧು ಪದ್ಧತಿಯಂತೆ ಸೀರೆಯುಟ್ಟು ಒಳಗಿನ ರೂಮಿನಲ್ಲಿ. ಕರೆಯುವವರೆಗೆ ಆಚೆ ಬರುವಂತಿಲ್ಲ. (ನೂರಾರು ಜನರ ಕುತ್ತಿಗೆ ಹಿಡಿದು ತಿರುಗಿಸುವ ಹುಡುಗಿ, ಆ ದಿನ ಮಾತ್ರ ಬಾಗಿಲ ಸಂದಿಯಲ್ಲಿ.) ಗಿರಿಜ ಮೊದಲ ಕಂತನ್ನು ಎಣ್ಣೆಗೆ ಬಿಟ್ಟಿದ್ದಳು. ನಾನು ಎರಡನೆಯ ಕಂತಿಗೆ ದೊಡ್ಡದೊಂದು ಆಲೂಗಡ್ಡೆ ಇಟ್ಟು ಒತ್ತಿದೆ. ಮಿಷನ್ ಕಟ್ಟೆಯ ಮೇಲೆ ಜಾರಿತು. ಆಲೂಗಡ್ಡೆ ಅರ್ಧಕ್ಕೆ ನಿಂತಿತು. ಇನ್ನಷ್ಟು ಬಲ ಹಾಕಿದೆ. ಮಿಷನ್ ಇನ್ನಷ್ಟು ಜಾರಿತು.

ಗಿರಿಜ ಬಾಣಲೆ ಬಿಟ್ಟು ಬರುವಂತಿಲ್ಲ. ಸಿಂಧು ಆಚೆ ಬರುವಂತಿಲ್ಲ. ನಮ್ಮ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲ, ಎಲ್ಲವೂ ಎಲ್ಲರಿಗೂ ಕಾಣುತ್ತದೆ. ನಾನು ಹಿಡಿ ಬಿಡದೆ ಅಲ್ಲಿಂದಲೇ ಕೂಗಿದೆ: "ಯಾರಾದ್ರೂ ಒಸಿ ಬಂದು ಇದರ ಬುಡ ಹಿಡ್ಕೊಳ್ಳಿ!"

ಚೇತನ್ ಎದ್ದ. ಎದ್ದ ಅಂದರೆ ಪೂರ್ತಿ ಅಲ್ಲ. ಸೋಫಾದಿಂದ ಒಂದು ಗೇಣು.

ನಂಜೇಗೌಡರು ಕೆಮ್ಮಿದರು.

ನಮ್ಮ ಕಡೆ ಹಿರಿಯರ ಕೆಮ್ಮಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಅದು ಗಂಟಲಿನ ಕಾಯಿಲೆಯಲ್ಲ. ಮನೆಗೆ ಬರುವಾಗ ಕೆಮ್ಮಿದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳಬೇಕು. ಮಾತಿನ ನಡುವೆ ಕೆಮ್ಮಿದರೆ ಮಾತಾಡುವವನು ನಿಲ್ಲಿಸಬೇಕು. ಬಾಯಿ ಬಿಟ್ಟು ಬೈದದ್ದಕ್ಕಾದರೂ ಉತ್ತರ ಕೊಡಬಹುದು, ಕೆಮ್ಮಿಗೆ ಉತ್ತರವಿಲ್ಲ. ಚೇತನ್ ಮೇಲೆದ್ದ ಒಂದು ಗೇಣನ್ನು ವಾಪಸ್ ಸೋಫಾಕ್ಕೆ ಇಳಿಸಿದ.

ಎದ್ದವರು ಜಯಮ್ಮ. ನೇರ ಬಂದು, ಸೆರಗು ಸಿಕ್ಕಿಸಿ, ಬುಡಕ್ಕೆ ಎರಡೂ ಅಂಗೈ ಕೊಟ್ಟರು.

"ಅಯ್ಯೋ, ಬುಡಿ ಅಮ್ಮ, ನೀವ್ಯಾಕೆ..." ಅಂದೆ.

"ಅವ್ನು ಹಿಡಿಯಾಕಿಲ್ಲ ಬುಡಿ ಮೇಷ್ಟ್ರೇ. ನಮ್ಮನೆ ಗಂಡಸ್ರು ಅಡಿಗೆಮನೆ ವಸ್ಲು ದಾಟಕಿಲ್ಲ. ಹೂಂ, ನಾ ಹಿಡ್ಕಂಡಿವ್ನಿ, ಒತ್ತಿ."

ಒತ್ತಿದೆ. ಖಡಕ್ ಎಂದು ಆಲೂಗಡ್ಡೆ ಆಚೆ ಬಿತ್ತು. ಎಂಥ ಹಿಡಿತ ಅಂತೀರಿ! ಮಿಷನ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನೂ ಐದು ಆಲೂಗಡ್ಡೆ ಹಾಗೇ ಒತ್ತಿಬಿಟ್ಟೆ.

ಹಾಲಿನಿಂದ ನಂಜೇಗೌಡರ ಗಂಟಲು ಕೇಳಿಸಿತು. "ನಮ್ ಹುಡುಗ ಒಂದ್ ಲೋಟ ನೀರ್ನೂ ತಾನಾಗಿ ಎತ್ಕಂಡು ಕುಡ್ದೋನಲ್ಲ ಮೇಷ್ಟ್ರೇ! ಅಂಗ್ ಸಾಕಿವ್ನಿ!"

ಹುಡುಗನ ಗುಣಗಾನ ಅದು. ಪಾಪ, ಅವರು ನಿಜವಾಗಿಯೂ ಹೊಗಳುತ್ತಿದ್ದರು. ಚೇತನ್ ನೆಲ ನೋಡುತ್ತಿದ್ದ. ಊರಿನ ಜಮೀನೆಲ್ಲ ಅಳೆಯುವ ಸರ್ವೇಯರ್. ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕೇ ಬೇಕು ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಫ್ರೈಸ್ ಚೆನ್ನಾಗಿಯೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನಂಜೇಗೌಡರು ಎರಡು ತಟ್ಟೆ ತಿಂದು, "ಇದ್ಕೆ ಕಾಯಿಚಟ್ನಿ ಇದ್ದಿದ್ರೆ!" ಅಂದರು. ಸಿಂಧು ಬಂದಳು, ಕೂತಳು. ಆಮೇಲೆ ಹುಡುಗ ಹುಡುಗಿ ಟೆರೇಸಿಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದರು. ಹೊರಡುವಾಗ ನಂಜೇಗೌಡರು ನನ್ನ ಕೈ ಹಿಡಿದು, "ನಮ್ಗೆ ಒಪ್ಗೆ. ನಿಮ್ ಮಗಳ್ನ ಕೇಳಿ ಫೋನ್ ಮಾಡಿ," ಅಂದರು. ಕಾರು ಬೀದಿ ತಿರುಗುವವರೆಗೆ ನಾನು ಗೇಟಿನಲ್ಲೇ ನಿಂತಿದ್ದೆ. ಎದೆ ಉಬ್ಬಿತ್ತು.

ಒಳಗೆ ಬಂದರೆ ಸಿಂಧು ಸೀರೆ ಬದಲಾಯಿಸಿ, ಕಾಲು ಮಡಚಿಕೊಂಡು ಸೋಫಾದ ಮೇಲೆ ಕೂತಿದ್ದಳು.

"ಏನಮ್ಮ? ಏನ್ ಹೇಳ್ಲಿ ಅವರಿಗೆ?"

"ಆ ಮಿಷನ್ ಯಾಕೆ ಹಿಡೀಲಿಲ್ಲ ಅಂತ ಟೆರೇಸ್ ಮೇಲೆ ಕೇಳ್ದೆ."

"ಕೇಳ್ದಾ! ಏನಂದ?"

"ಏಳ್ತಾ ಇದ್ದೆ, ಅಪ್ಪ ಕೆಮ್ಮಿದ್ರು ಅಂದ."

ನಿಜ ಹೇಳಿದ್ದಾನೆ. ನೆಪ ಹುಡುಕಲಿಲ್ಲ. ಸುಳ್ಳು ಹೇಳುವ ಹುಡುಗರೇ ತುಂಬಿರುವ ಕಾಲದಲ್ಲಿ ಇದು ಸಣ್ಣ ಮಾತೇ? ಹಾಗೆಂದು ನಾನು ವಾದ ಹೂಡಿದೆ.

"ಒಳ್ಳೆಯವನೇ ಅಪ್ಪ. ಇಷ್ಟಾನೂ ಆದ," ಎಂದಳು ಸಿಂಧು. "ಆದ್ರೆ ದಿನಾ ಅವರಪ್ಪ ಕೆಮ್ತಾರಲ್ಲ?"

ನನಗೆ ಹುಡುಗನ ಮೇಲೆ ಸಿಟ್ಟು ಬಂತು. ಕೈಗೆ ಬಂದ ಸಂಬಂಧ! "ಹಿಡ್ಕೊಳ್ಳೋಕೆ ಏನಾಗಿತ್ತು ಅವನಿಗೆ? ಎರಡು ನಿಮಿಷದ ಕೆಲಸ! ಹೋಗಿ ಹೋಗಿ ಆ ತಾಯಿ ಕೈಲಿ ಹಿಡಿಸ್ತಾನಲ್ಲ!"

"ಅವನು ಹಿಡಿಸ್ಲಿಲ್ಲ. ನೀನು ಹಿಡಿಸ್ದೆ."

"ನಾನಾ? ನಾನು ಬುಡಿ ಅಂದೆ."

"ಅಂದೆ. ಅಂದ್ಬಿಟ್ಟು ಆರು ಆಲೂಗಡ್ಡೆ ಒತ್ತಿದೆ. ಚೇತನ್, ಬಾಪ್ಪ ಇಲ್ಲಿ ಅಂತ ಹೆಸರು ಹಿಡಿದು ಕರೀಬಹುದಿತ್ತಲ್ಲ? ನೀನು ಮೇಷ್ಟ್ರು. ನೀನು ಕರೆದಿದ್ರೆ ಅವರಪ್ಪ ಎಷ್ಟು ಕೆಮ್ಮಿದ್ರೂ ಬಂದಿರ್ತಿದ್ದ."

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಸೋಲಲು ಮನಸ್ಸಿಲ್ಲ. "ನೋಡು, ನಾನಾದ್ರೂ ಅಡುಗೆಮನೇಲಿ ಇದ್ದೆ. ಈ ವಯಸ್ಸಲ್ಲಿ ಎಷ್ಟು ಜನ ಗಂಡಸರು ಅಡುಗೆ ಮಾಡ್ತಾರೆ?"

ಸಿಂಧು ನಕ್ಕಳು. ಬೇಸರದ ನಗುವಲ್ಲ. ಅದೇ ಜಾಸ್ತಿ ಚುಚ್ಚಿತು.

"ಅಡುಗೆ ಎಲ್ಲಿ ಮಾಡ್ದೆ ಅಪ್ಪ? ಒತ್ತಿದೆ. ಸಿಪ್ಪೆ ತೆಗೆದಿದ್ದು ಅಮ್ಮ. ನೀರಲ್ಲಿ ನೆನೆಸಿ, ಬಟ್ಟೆ ಮೇಲೆ ಹರಡಿ ಒಣಗಿಸಿದ್ದು ಅಮ್ಮ. ಕರಿದಿದ್ದು ಅಮ್ಮ. ಈಗ ಒಳಗೆ ಏನ್ ಮಾಡ್ತಾ ಇದ್ದಾಳೆ, ಹೋಗಿ ನೋಡು."

ಹೋದೆ. ಗಿರಿಜ ಸಿಂಕಿನ ಮುಂದೆ ನಿಂತು, ಮಿಷನ್ನಿನ ಜಾಲರಿಯನ್ನು ಕಣ್ಣಿನ ಹತ್ತಿರ ಹಿಡಿದು, ಪೊರಕೆ ಕಡ್ಡಿಯೊಂದರಿಂದ ಒಂದೊಂದೇ ಚೌಕಕ್ಕೆ ಚುಚ್ಚುತ್ತಿದ್ದಳು. ಬ್ಲೇಡಿನ ಸಂದಿಗಳಲ್ಲಿ ಆಲೂಗಡ್ಡೆಯ ಚೂರು ಸಿಕ್ಕಿಕೊಂಡಿರುತ್ತದೆ. ಒಣಗಿದರೆ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ನಲ್ಲಿಯ ನೀರಿಗೆ ಬಗ್ಗುವುದಿಲ್ಲ. ಬಟ್ಟೆ ಹಾಕಿ ಉಜ್ಜಿದರೆ ಬಟ್ಟೆ ಹರಿಯುತ್ತದೆ.

"ದಿನಾ ಹೀಗೇ ತೊಳೀತೀಯಾ?"

"ಇನ್ನೆಂಗೆ ತೊಳೀತಾರೆ?"

ಎರಡು ತಿಂಗಳು. ಮೂಲಂಗಿ, ಕ್ಯಾರೆಟ್, ಗೆಣಸು, ಎಲ್ಲವನ್ನೂ ಒತ್ತಿ ನಾನು ಟಿವಿ ಮುಂದೆ ಹೋಗಿ ಕೂರುತ್ತಿದ್ದೆ. ಮರುದಿನ ಬಂದರೆ ಮಿಷನ್ ಥಳಥಳ ಹೊಳೆಯುತ್ತಾ ಕಟ್ಟೆಯ ಮೇಲೆ ನನಗಾಗಿ ಕಾಯುತ್ತಿತ್ತು. ಅದು ತಾನಾಗಿ ಹೊಳೆಯುವುದಿಲ್ಲ ಎಂದು ಒಂದು ದಿನವೂ ತಲೆಗೆ ಹೋಗಿರಲಿಲ್ಲ. ನಾಚಿಕೆಯಾಯಿತು. ಸುಮ್ಮನೆ ಬರೆಯುತ್ತಿಲ್ಲ, ನಿಜವಾಗಿ ನಾಚಿಕೆಯಾಯಿತು.

"ಕೊಡು, ನಾನು ತೊಳೀತೀನಿ."

"ಬುಡಿ, ಕೈ ಕುಯ್ಕಂಡೀರಿ."

"ನಿನ್ನ ಕೈಗೆ ಆಗದ ಗಾಯ ನನ್ನ ಕೈಗೆ ಆಗುತ್ತಾ? ಕೊಡು ಇಲ್ಲಿ."

ಕೊಟ್ಟಳು. ಕೊಡುವಾಗ ಅವಳ ಹೆಬ್ಬೆರಳು ನೋಡಿದೆ. ಅಲ್ಲಿ ಮೂರು ಹಳೆಯ ಗೀರುಗಳಿದ್ದವು.

ಒತ್ತುವುದಕ್ಕೆ ಒಂದು ಆಲೂಗಡ್ಡೆಗೆ ಎರಡು ಸೆಕೆಂಡು. ತೊಳೆಯುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಮಾವಿನ ಓಟೆಗೆ ಡೊಂಕಾದ ಬ್ಲೇಡು ಇದೆಯಲ್ಲ, ಅಲ್ಲಿ ಕಡ್ಡಿಯೂ ಹೋಗುವುದಿಲ್ಲ, ಕಡ್ಡಿಯನ್ನು ಸೀಳಿ ಸಣ್ಣಗೆ ಮಾಡಿಕೊಳ್ಳಬೇಕು. ನನ್ನ ಬೆರಳಿಗೂ ಒಂದು ಗೀರು ಬಿತ್ತು. ಗಿರಿಜ ಅರಿಸಿನದ ಡಬ್ಬಿ ತಂದು ಪಕ್ಕದಲ್ಲಿಟ್ಟು, "ಯೋಳ್ಲಿಲ್ವಾ?" ಎಂದು ಹೋಗಿ ಟಿವಿ ಮುಂದೆ ಕೂತಳು.

ಸೋಮವಾರ ಬೆಳಿಗ್ಗೆ ಸಾದಿಕ್‌ನನ್ನು ಕರೆದು ಹಲಗೆ ಹಾಕಿಸಿದೆ. ಈಗ ಬುಡ ಹಿಡಿಯಲು ಯಾರೂ ಬೇಡ.

ಈಗ ನಿಮ್ಮನ್ನು ಕೇಳುತ್ತೇನೆ, ಅದರಲ್ಲೂ ಗಂಡಸರನ್ನು. ನಾವು ಅಡುಗೆಮನೆಗೆ ಬಂದಿದ್ದೇವೆ, ಒಪ್ಪುತ್ತೇನೆ. ನಮ್ಮ ಅಪ್ಪಂದಿರಿಗಿಂತ ನಾವು ವಾಸಿ. ಆದರೆ ಎಲ್ಲಿಯವರೆಗೆ ಬಂದಿದ್ದೇವೆ? ಭಾನುವಾರದ ಬಿರಿಯಾನಿಯವರೆಗೆ. ಹೊಸ ಮಿಕ್ಸಿ, ಹೊಸ ಓವನ್, ಹೊಸ ಮಿಷನ್ನಿನವರೆಗೆ. ಗುಂಡಿ ಒತ್ತುವ ಕಡೆ, ಹಿಡಿ ಎಳೆಯುವ ಕಡೆ, ಫೋಟೋ ತೆಗೆದು ಗ್ರೂಪಿಗೆ ಹಾಕುವ ಕಡೆ ನಾವು ಮುಂದು. ಬಿರಿಯಾನಿ ಮಾಡಿದ ಮಹಾಶಯ ತಳ ಹಿಡಿದ ಪಾತ್ರೆಯನ್ನು ನೀರಿನಲ್ಲಿ "ನೆನೆಯಲು" ಬಿಟ್ಟು ಹೋಗುತ್ತಾನೆ. ಅದು ಎಷ್ಟು ಹೊತ್ತು ನೆನೆಯಬೇಕು? ಬೇರೆ ಯಾರಾದರೂ ಉಜ್ಜುವವರೆಗೆ!

ನಂಜೇಗೌಡರ ಕೆಮ್ಮಿಗೆ ನಾವೆಲ್ಲ ನಗುತ್ತೇವೆ. ಅವರಾದರೂ ಆಚೆಯೇ ಕೂತು, ತಾವು ಆಚೆ ಕೂತವರು ಎಂದು ಬಾಯಿಬಿಟ್ಟು ಹೇಳಿದರು. ನಾನು ಒಳಗೆ ನಿಂತು ಹೊಗಳಿಸಿಕೊಂಡೆ. ಯಾರು ಹೆಚ್ಚು ಪ್ರಾಮಾಣಿಕರು?

ಇಷ್ಟಾದರೂ ಅವರಿಗೆ ಉತ್ತರ ಹೇಳಬೇಕಿತ್ತು. ಸಿಂಧು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. "ಟೈಮ್ ಕೊಡಪ್ಪ," ಅಂದಳು. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಮದುವೆ ಮಾತಿನಲ್ಲಿ ಸುಮ್ಮನಿರುವುದೂ ಒಂದು ಉತ್ತರವೇ. ಆ ಕಡೆಯವರು ಅದನ್ನು ಬೇಡ ಎಂದು ತಿಳಿದುಕೊಂಡರೆ ಏನು ಗತಿ? ನನಗೆ ಊಟ ಸೇರಲಿಲ್ಲ.

ಬುಧವಾರ ಬೆಳಿಗ್ಗೆ ಫೋನ್ ಬಂತು. ನಂಜೇಗೌಡರ ನಂಬರು. ಅವಸರದಲ್ಲಿ ಬೆರಳು ತಾಗಿ ಸ್ಪೀಕರ್ ಆನ್ ಆಯಿತು. ಮಾತಾಡಿದ್ದು ಜಯಮ್ಮ. ಅವತ್ತು ನಮ್ಮ ಸೋಫಾದ ತುದಿಯಲ್ಲಿ ಬಾಯಿ ಬಿಡದೆ ಕೂತಿದ್ದವರು ಅವರೇನಾ ಎನ್ನುವ ಹಾಗೆ ಮಾತಾಡಿದರು.

"ಮೇಷ್ಟ್ರೇ, ಆ ಆಲೂಗೆಡ್ಡೆ ಮಿಷನ್ನು ಎಲ್ಲಿ ಸಿಕ್ತೈತೆ? ಚೇತು ಕೇಳ್ತಾವ್ನೆ. ನಾನೇ ಒತ್ತಿ ಕೊಡ್ತೀನಿ, ನೀನು ಕುಂತ್ಕೊ ಅಂತಾವ್ನೆ ಕಣಪ್ಪ! ಅವರಪ್ಪ ಎಲ್ಡ್ ಸಲ ಕೆಮ್ಮುದ್ರು. ಇವ್ನು ಕೇಳಿಸ್ಕಂಡಂಗೇ ಮಾಡ್ಲಿಲ್ಲ!"

ಅವರ ದನಿಯಲ್ಲಿದ್ದ ಖುಷಿ ನಮ್ಮ ಹಾಲಿಗೆಲ್ಲ ಕೇಳಿಸಿತು. ಗಿರಿಜ ಒಲೆ ಸಣ್ಣ ಮಾಡಿ ಬಂದು ನಿಂತಳು. ನಾನು ಗೆದ್ದವನ ಹಾಗೆ ಸಿಂಧು ಕಡೆ ತಿರುಗಿದೆ. ಅವಳು ಬಸ್ಸಿಗೆ ಹೊರಟವಳು, ಬಾಗಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಕೆನ್ನೆಯಲ್ಲಿ ನಗು ಮೂಡಿದ್ದು ನನಗೆ ಕಾಣಿಸಿತು. ಆದರೆ ತಲೆ ಎತ್ತಲಿಲ್ಲ.

"ತೊಳೆಯೋದು ಯಾರಂತೆ ಕೇಳಪ್ಪ," ಅಂದಳು.